ಕೂಲಂಕಷ: ಒಂದು ಪದದ ವಿಚಾರಣೆ



ಈ ದತ್ತಿ ಉಪನ್ಯಾಸ ಕನ್ನಡ ಭಾಷೆಗೆ ಸಂಬಂಧಿಸಿರಬೇಕು, ಮೊದಲ ವರ್ಷದ ವಿದ್ಯಾರ್ಥಿಗೂ ತಿಳಿಯುವಂತಿರಬೇಕು ಎಂದು ದತ್ತಿಪತ್ರದಲ್ಲಿ ಬರೆದಿದೆಯಂತೆ. ಬರೆಸಿದವರು ಅನುಭವಸ್ಥರು. ಷರತ್ತಿನ ಮೊದಲ ಭಾಗವನ್ನು ಯಾವ ಉಪನ್ಯಾಸಕನೂ ಪಾಲಿಸಿಯಾನು; ಎರಡನೆಯದನ್ನು ಪಾಲಿಸುವುದು ಕಷ್ಟ. ಅದಕ್ಕೇ ವಿಷಯವನ್ನು ಆದಷ್ಟು ಚಿಕ್ಕದು ಮಾಡಿಕೊಂಡು ಬಂದಿದ್ದೇನೆ. ಇವತ್ತು ಒಂದೇ ಪದ: ‘ಕೂಲಂಕಷ’.

ಈ ಪದವನ್ನು ಕೇಳದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಮನೆಮಾತಿನಲ್ಲಿ ಇದನ್ನು ಬಳಸಿದವರೂ ಇರಲಿಕ್ಕಿಲ್ಲ. ಯಾವ ತಾಯಿಯೂ ಮಗನಿಗೆ ‘ಜೇಬು ಕೂಲಂಕಷವಾಗಿ ನೋಡ್ಕೋ’ ಅನ್ನುವುದಿಲ್ಲ. ಅದು ನಮಗೆ ಸಿಗುವುದು ಪತ್ರಿಕೆಯಲ್ಲಿ, ಸುತ್ತೋಲೆಯಲ್ಲಿ, ಮಂತ್ರಿಗಳ ಹೇಳಿಕೆಯಲ್ಲಿ, ಪಿಎಚ್‌.ಡಿ. ಪ್ರಬಂಧದ ಮುನ್ನುಡಿಯಲ್ಲಿ. ಹೀಗೆ ಬಾಯಿಗೆ ಬರುವ ಮೊದಲೇ ಕಣ್ಣಿಗೆ ಬೀಳುವ ಪದಗಳು ಪ್ರತಿಯೊಂದು ಭಾಷೆಯಲ್ಲೂ ಇರುತ್ತವೆ. ಅವುಗಳ ಅರ್ಥ ಗೊತ್ತಿದೆ ಎಂದು ನಾವೆಲ್ಲ ಭಾವಿಸಿರುತ್ತೇವೆ. ಯಾರಾದರೂ ‘ಹೇಳಿ ನೋಡೋಣ’ ಎಂದಾಗ ತಡವರಿಸುತ್ತೇವೆ.

ತಡವರಿಸುತ್ತ ಕೊನೆಗೆ ಹೇಳುವ ಉತ್ತರ ‘ಸಂಪೂರ್ಣವಾಗಿ’ ಎಂದು. ಅರ್ಥಕೋಶದ ಚಿಕ್ಕ ಆವೃತ್ತಿಗಳೂ ಹೆಚ್ಚುಕಡಿಮೆ ಇಷ್ಟನ್ನೇ ಹೇಳುತ್ತವೆ. ಈ ಸಮೀಕರಣವನ್ನು ನಂಬಿದ ಹುಡುಗ ‘ಮಳೆಗೆ ನಾನು ಕೂಲಂಕಷವಾಗಿ ನೆನೆದೆ’ ಎಂದು ಬರೆದರೆ ಅವನ ತಪ್ಪೇನು? ಸಂಪೂರ್ಣ ಎಂದರೆ ಕೂಲಂಕಷ ಎಂದು ನಾವೇ ಕಲಿಸಿದ್ದೆವು. ಅವನು ನಂಬಿದ. ಆದರೂ ವಾಕ್ಯ ಓದಿದ ಕೂಡಲೇ ನಗು ಬರುತ್ತದೆ. ಪದದ ನಿಜವಾದ ಅರ್ಥ ಇರುವುದು ಆ ನಗುವಿನ ಕಾರಣದಲ್ಲಿ. ನೆನೆಯುವುದು, ತುಂಬುವುದು, ಮುಗಿಯುವುದು ಇವೆಲ್ಲ ಸಂಪೂರ್ಣವಾಗಿ ಆಗಬಹುದು. ಕೂಲಂಕಷವಾಗಿ ಆಗುವ ಕೆಲಸಗಳು ಬೇರೆ. ಅವನ್ನು ಮಾಡಲು ಮನಸ್ಸು ಬೇಕು, ಎದುರಿಗೆ ಒಂದು ವಿಷಯ ಬೇಕು, ಆ ವಿಷಯಕ್ಕೆ ಒಂದಿಷ್ಟು ಅಗಲ ಬೇಕು.

ಅಗಲ ಎಂದೆ. ಕಾರಣ ಪದದೊಳಗೇ ಇದೆ. ಸಂಸ್ಕೃತದಲ್ಲಿ ‘ಕೂಲ’ ಎಂದರೆ ನದಿಯ ದಡ. ಇದು ನಿಮಗೆ ಹೊಸದು ಅನ್ನಿಸಬಹುದು, ಆದರೆ ಹೊಸದಲ್ಲ. ದಿನಕ್ಕೆ ಹತ್ತು ಸಲ ಬಳಸುವ ‘ಅನುಕೂಲ’ದಲ್ಲಿ ಇರುವುದು ಇದೇ ಕೂಲ. ದಡವನ್ನು ಅನುಸರಿಸಿ, ಹರಿವಿನ ಜೊತೆಗೆ ಹೋಗುವುದು ಅನುಕೂಲ. ಅದಕ್ಕೆ ಎದುರಾದದ್ದು ಪ್ರತಿಕೂಲ. ದೋಣಿ ನಡೆಸುವವರ ಮಾತು ಎಂದೋ ನಡುಮನೆಗೆ ಬಂದು ಕೂತಿದೆ. ‘ಅವರು ಅನುಕೂಲಸ್ಥರು’ ಎಂದು ನಾವು ಹಣವಂತರ ಬಗ್ಗೆ ಹೇಳುವಾಗ ಆ ಮಾತಿನಲ್ಲಿ ನದಿಯೂ ಇಲ್ಲ, ದೋಣಿಯೂ ಇಲ್ಲ. ಪ್ರಾಸಂಗಿಕವಾಗಿ ಹೇಳುತ್ತೇನೆ, ಕೂಲಿಗೂ ಈ ಕೂಲಕ್ಕೂ ಸಂಬಂಧವಿಲ್ಲ. ಅದು ನಮ್ಮ ದ್ರಾವಿಡ ಭಾಷೆಗಳ ಸ್ವಂತ ಪದ.

ಇನ್ನು ‘ಕಷ’. ಇದು ಉಜ್ಜುವುದು, ಕೆರೆಯುವುದು, ತಿಕ್ಕುವುದು ಎಂಬ ಅರ್ಥದ ಧಾತು. ಇದರ ಬಂಧುಗಳೂ ಕನ್ನಡದಲ್ಲಿದ್ದಾರೆ. ಹಳೆಯ ಕಾವ್ಯ ಓದಿದವರಿಗೆ ‘ನಿಕಷ’ ಗೊತ್ತು, ಅಂದರೆ ಒರೆಗಲ್ಲು. ಅಕ್ಕಸಾಲಿಗರು ಕರಿಯ ಕಲ್ಲಿನ ಮೇಲೆ ಚಿನ್ನವನ್ನು ಉಜ್ಜಿ ಗೀರು ಮೂಡಿಸುತ್ತಾರೆ. ಗುಣ ಗೊತ್ತಿರುವ ಚಿನ್ನದ ಗೀರನ್ನು ಅದರ ಪಕ್ಕದಲ್ಲೇ ಎಳೆಯುತ್ತಾರೆ. ಮೇಲೆ ಆಮ್ಲ ಹಚ್ಚಿ ಯಾವ ಗೀರು ಉಳಿಯಿತು, ಯಾವುದು ಮಾಸಿತು ಎಂದು ನೋಡುತ್ತಾರೆ. ಕನ್ನಡದ ‘ಒರೆ’ಯ ಅರ್ಥವೂ ಉಜ್ಜುವುದೇ, ‘ಒರೆಸು’ ಅದರ ಮಗಳು. ‘ಒರೆಗೆ ಹಚ್ಚು’ ಎಂಬ ನುಡಿಗಟ್ಟಿನಲ್ಲಿ ಕನ್ನಡ, ‘ನಿಕಷ’ದಲ್ಲಿ ಸಂಸ್ಕೃತ, ಎರಡೂ ಪರೀಕ್ಷೆಯನ್ನು ಉಜ್ಜುವ ಕೆಲಸವಾಗಿಯೇ ಕಂಡಿವೆ. ಇನ್ನೊಬ್ಬ ಬಂಧು ನಿಮಗೆಲ್ಲ ಚೆನ್ನಾಗಿ ಪರಿಚಿತ: ‘ಕಷ್ಟ’. ವೈಯಾಕರಣರು ಇದನ್ನೂ ಕಷ್ ಧಾತುವಿನಿಂದಲೇ ಸಾಧಿಸುತ್ತಾರೆ. ಪಾಣಿನಿ ಇದಕ್ಕೆಂದೇ ಒಂದು ಸೂತ್ರವನ್ನು ಮಾಡಿದ್ದಾನೆ.

ಪಾಣಿನಿಯ ಹೆಸರು ಬಂದ ಮೇಲೆ ‘ಕೂಲಂಕಷ’ಕ್ಕೂ ಅವನಲ್ಲಿ ಜಾಗ ಇದೆಯೇ ಎಂದು ನೋಡಬೇಕು. ಇದೆ. ಅವನ ವ್ಯಾಕರಣಗ್ರಂಥವಾದ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, 42ನೆಯ ಸೂತ್ರ. ಸರ್ವ, ಕೂಲ, ಅಭ್ರ, ಕರೀಷ ಎಂಬ ನಾಲ್ಕು ಪದಗಳು ಕರ್ಮವಾಗಿ ಹಿಂದೆ ಬಂದರೆ ಕಷ್ ಧಾತುವಿಗೆ ಒಂದು ವಿಶೇಷ ಪ್ರತ್ಯಯ ಬರುತ್ತದೆ ಎಂದು ಅದು ಹೇಳುತ್ತದೆ. ಆ ಪ್ರತ್ಯಯದ ದೆಸೆಯಿಂದ ನಡುವೆ ಅನುಸ್ವಾರ ಬಂದು ಸೇರುತ್ತದೆ. ಹಾಗಾಗಿ ‘ಕೂಲಕಷ’ ಆಗದೆ ‘ಕೂಲಂಕಷ’ ಆಯಿತು. ಅಷ್ಟಾಧ್ಯಾಯಿಯ ವ್ಯಾಖ್ಯಾನವಾದ ಕಾಶಿಕಾವೃತ್ತಿ ಈ ನಾಲ್ಕಕ್ಕೂ ಉದಾಹರಣೆ ಕೊಡುತ್ತದೆ. ದಡವನ್ನು ಉಜ್ಜುವ ನದಿ ಕೂಲಂಕಷೆ. ಮೋಡವನ್ನು ಉಜ್ಜುವ ಬೆಟ್ಟ ಅಭ್ರಂಕಷ. ಒಣಗಿದ ಸಗಣಿಯನ್ನು ಕೆರೆದು ಎತ್ತಿಕೊಂಡು ಹೋಗುವ ಸುಂಟರಗಾಳಿ ಕರೀಷಂಕಷೆ. ಎಲ್ಲರನ್ನೂ ಕೆರೆಯುವ ದುಷ್ಟ ಸರ್ವಂಕಷ. ವ್ಯಾಕರಣಶಾಸ್ತ್ರ ಒಣಗಲು ಎನ್ನುವವರು ಈ ನಾಲ್ಕನ್ನು ಒಮ್ಮೆ ಒಟ್ಟಿಗೆ ಓದಬೇಕು: ನದಿ, ಬೆಟ್ಟ, ಗಾಳಿ, ಊರಿಗೊಬ್ಬ ಕಿರುಕುಳದ ಮನುಷ್ಯ. ಒಂದೇ ಸೂತ್ರದಲ್ಲಿ ಒಂದು ಹಳ್ಳಿ ಇದೆ.

ಇಲ್ಲಿಗೆ ಕಾಗುಣಿತದ ಜಗಳವೂ ತೀರಬೇಕು. ಪತ್ರಿಕೆಗಳಲ್ಲಿ, ಕಚೇರಿಯ ಕಾಗದಗಳಲ್ಲಿ ‘ಕೂಲಂಕುಷ’ ಎಂಬ ರೂಪ ‘ಕೂಲಂಕಷ’ದಷ್ಟೇ ಧಾರಾಳವಾಗಿ ಓಡಾಡುತ್ತಿದೆ. ಆ ‘ಕು’ ಎಲ್ಲಿಂದ ಬಂತು? ನನ್ನ ಊಹೆ ಹೇಳುತ್ತೇನೆ. ದಡವೂ ಉಜ್ಜುವುದೂ ಮರೆತುಹೋದ ಮೇಲೆ ಕಿವಿ ತನಗೆ ಪರಿಚಯವಿರುವ ಪದವನ್ನು ಒಳಗೆ ಹುಡುಕಿತು. ಅಲ್ಲಿ ‘ಅಂಕುಶ’ ಕೇಳಿಸಿತು. ಆನೆಯನ್ನು ಹತೋಟಿಯಲ್ಲಿಡುವ ಅಂಕುಶಕ್ಕೂ ಬಿಗಿಯಾದ ವಿಚಾರಣೆಗೂ ಏನೋ ನಂಟಿರಬೇಕು ಎಂದು ಮನಸ್ಸು ಒಪ್ಪಿಕೊಂಡಿತು. ಜನರ ಕಿವಿ ಹೀಗೆ ಪದಗಳನ್ನು ತಿದ್ದುವುದು ಭಾಷೆಯ ಚರಿತ್ರೆಯಲ್ಲಿ ಸಾಮಾನ್ಯ, ಎಷ್ಟೋ ಸಲ ಆ ತಿದ್ದುಪಡಿ ಗೆದ್ದೂ ಬಿಡುತ್ತದೆ. ಹಾಗಾದರೆ ಇದನ್ನೂ ಗೆಲ್ಲಲು ಬಿಡೋಣವೇ? ಬಾಯಿಮಾತಿನಲ್ಲಿ ಬೆಳೆದ ಪದವಾಗಿದ್ದರೆ ನಾನು ಬಿಡಿ ಎನ್ನುತ್ತಿದ್ದೆ. ಇದು ಓದುಬರಹದಲ್ಲೇ ಬದುಕಿರುವ ಪದ; ಹೊಸ ರೂಪ ಬಂದರೆ ಒಳಗಿನ ಚಿತ್ರ ಅಳಿಸಿಹೋಗುತ್ತದೆ, ಅದಕ್ಕೆ ಬದಲಾಗಿ ಸಿಗುವುದೇನೂ ಇಲ್ಲ. ಕರಡು ತಿದ್ದುವವರು ಆ ಕೊಂಬನ್ನು ಹೊಡೆದುಹಾಕಲಿ.

ಚಿತ್ರ ಎಂದೆನಲ್ಲ, ಅದು ನಾವು ಅಂದುಕೊಂಡಷ್ಟು ಸೌಮ್ಯವಾದದ್ದಲ್ಲ. ಸಂಸ್ಕೃತ ಧಾತುಗಳ ಪಟ್ಟಿಯಾದ ಧಾತುಪಾಠ ಕಷ್ ಧಾತುವನ್ನು ಸೇರಿಸಿರುವುದು ‘ಹಿಂಸೆ’ ಎಂಬ ಅರ್ಥದ ಗುಂಪಿನಲ್ಲಿ. ಅಭಿಜ್ಞಾನಶಾಕುಂತಲದ ಐದನೆಯ ಅಂಕವನ್ನು ನೆನಪಿಸಿಕೊಳ್ಳಿ. ಕಣ್ವರ ಶಿಷ್ಯರೊಂದಿಗೆ ಶಕುಂತಲೆ ಆಸ್ಥಾನಕ್ಕೆ ಬಂದು ನಿಂತಿದ್ದಾಳೆ. ದುಷ್ಯಂತನಿಗೆ ಏನೂ ನೆನಪಿಲ್ಲ. ನನ್ನ ಕುಲಕ್ಕೆ ಕಳಂಕ ತಂದು ನನ್ನನ್ನೂ ಬೀಳಿಸಲು ಹೊರಟೆಯಾ ಎಂದು ಅವಳನ್ನು ಕೇಳುತ್ತಾನೆ. ಆಗ ಅವನು ಕೊಡುವ ಹೋಲಿಕೆ ಕೂಲಂಕಷೆಯಾದ ನದಿಯದು: ದಡವನ್ನು ಕೊರೆಯುವ ನದಿ ತನ್ನ ತಿಳಿನೀರನ್ನೂ ಕಲಕಿಕೊಳ್ಳುತ್ತದೆ, ದಡದ ಮರವನ್ನೂ ಉರುಳಿಸುತ್ತದೆ. ಕಾಳಿದಾಸನ ಕೈಯಲ್ಲಿ ‘ಕೂಲಂಕಷ’ ಒಂದು ಆರೋಪ, ಅದೂ ತುಂಬಿದ ಸಭೆಯಲ್ಲಿ ನಿರಪರಾಧಿಯ ಮೇಲೆ ಹೊರಿಸಿದ್ದು. ವಿಚಿತ್ರವೆಂದರೆ ಆ ಸಭೆಯಲ್ಲಿ ಆಗದೆ ಉಳಿದದ್ದು ಕೂಲಂಕಷ ವಿಚಾರಣೆಯೇ. ಉಂಗುರ ತೋರಿಸುತ್ತೇನೆ ಎಂದು ಬೆರಳು ನೋಡಿಕೊಂಡ ಶಕುಂತಲೆಗೆ ಅದು ಕಾಣಲಿಲ್ಲ. ರಾಜನಿಗೆ ಅಷ್ಟೇ ಸಾಕಾಯಿತು. ಉಂಗುರ ಬೆಸ್ತನ ಕೈಗೆ ಸಿಕ್ಕು ಅರಮನೆಗೆ ಬರುವುದು ಆಮೇಲೆ.

ದಡ ಕೊರೆಯುವ ಈ ಅಪರಾಧ ಯಾವಾಗ ಗುಣವಾಯಿತು? ಇಂಥ ವರ್ಷದಲ್ಲಿ ಎಂದು ಬೆರಳಿಟ್ಟು ತೋರಿಸುವಂಥ ಬದಲಾವಣೆ ಅಲ್ಲ ಇದು. ಆದರೆ ಬದಲಾದ ದಿಕ್ಕನ್ನು ಮಲ್ಲಿನಾಥನಲ್ಲಿ ನೋಡಬಹುದು. ತೆಲುಗು ನಾಡಿನ ಕೋಲಾಚಲ ಮನೆತನದ ಈ ಪಂಡಿತ ಪ್ರಸಿದ್ಧ ಸಂಸ್ಕೃತ ಮಹಾಕಾವ್ಯಗಳಿಗೆ ವ್ಯಾಖ್ಯಾನ ಬರೆದ. ಅವನು ತನ್ನ ವ್ಯಾಖ್ಯಾನಗಳಿಗೆ ಇಟ್ಟ ಹೆಸರುಗಳು ಸೊಗಸಾಗಿವೆ. ಕಾಳಿದಾಸನ ಕಾವ್ಯಗಳಿಗೆ ‘ಸಂಜೀವಿನಿ’, ಭಾರವಿಯ ಕಾವ್ಯಕ್ಕೆ ‘ಘಂಟಾಪಥ’ ಎಂದರೆ ಹೆದ್ದಾರಿ, ಮಾಘನ ಶಿಶುಪಾಲವಧಕ್ಕೆ ‘ಸರ್ವಂಕಷಾ’. ಕಾಶಿಕೆಯಲ್ಲಿ ಊರಿನವರನ್ನೆಲ್ಲ ಕೆರೆಯುವ ದುಷ್ಟನಿಗೆ ಸಂದಿದ್ದ ಅದೇ ವಿಶೇಷಣ ಇಲ್ಲಿ ಒಂದು ಪಾಂಡಿತ್ಯಗ್ರಂಥದ ಬಿರುದಾಗಿದೆ. ಏನನ್ನೂ ಬಿಡದೆ ಉಜ್ಜುವುದು ಮನುಷ್ಯನಲ್ಲಿ ದುರ್ಗುಣ, ವ್ಯಾಖ್ಯಾನದಲ್ಲಿ ಸದ್ಗುಣ. ಮಲ್ಲಿನಾಥ ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು ಪ್ರಸಿದ್ಧ: ಆಧಾರವಿಲ್ಲದ್ದನ್ನು ಬರೆಯುವುದಿಲ್ಲ, ಬೇಡದ್ದನ್ನು ಹೇಳುವುದಿಲ್ಲ. ಎರಡನೆಯದನ್ನು ಪಾಲಿಸುವುದು ಮೊದಲನೆಯದಕ್ಕಿಂತ ಕಷ್ಟ ಎಂದು ಸಂಶೋಧನ ಪ್ರಬಂಧಗಳ ಮೌಲ್ಯಮಾಪನ ಮಾಡಿದವರಿಗೆ ಹೇಳಬೇಕಾಗಿಲ್ಲ.

ನಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿ ರಘುವಂಶವನ್ನು ಮಲ್ಲಿನಾಥನ ಕೈ ಹಿಡಿದೇ ಓದುತ್ತಿದ್ದರು. ವ್ಯಾಖ್ಯಾನಕ್ಕೆ ಐದು ಲಕ್ಷಣಗಳು ಎಂದು ಸಂಪ್ರದಾಯ ಹೇಳುತ್ತದೆ. ಪದಗಳನ್ನು ಬಿಡಿಸಬೇಕು; ಅವುಗಳ ಅರ್ಥ ಹೇಳಬೇಕು; ಸಮಾಸಗಳನ್ನು ಬಿಚ್ಚಬೇಕು; ವಾಕ್ಯವನ್ನು ಅನ್ವಯಿಸಬೇಕು; ಕೊನೆಗೆ ಆಕ್ಷೇಪಗಳಿಗೆ ಸಮಾಧಾನ ಹೇಳಬೇಕು. ಮೊದಲ ನಾಲ್ಕನ್ನು ಜಾಣ ವಿದ್ಯಾರ್ಥಿ ಒಬ್ಬನೇ ಕೂತು ಮಾಡಿಯಾನು. ಐದನೆಯದಕ್ಕೆ ಎದುರುಪಕ್ಷ ಬೇಕು. ಇಲ್ಲದಿದ್ದರೆ ತಾನೇ ಹುಟ್ಟಿಸಿಕೊಳ್ಳಬೇಕು. ನಾನು ‘ಕೂಲಂಕಷ’ಕ್ಕೆ ಕೊಡುವ ಅರ್ಥ ಇಲ್ಲಿಂದ ಬಂದದ್ದು. ನದಿಗೆ ಎರಡು ದಡ. ಒಂದೇ ದಡವನ್ನು ಎಷ್ಟು ಆಳಕ್ಕೆ ಕೊರೆದರೂ ಆ ಓದು ಸೂಕ್ಷ್ಮವಾಗಬಹುದು, ಶ್ರಮದ್ದಾಗಬಹುದು, ಕೂಲಂಕಷವಾಗುವುದಿಲ್ಲ. ಆಚೆ ದಡದವರು ಏನನ್ನುತ್ತಾರೆ ಎಂದು ಅಲ್ಲಿಗೂ ಹೋಗಿ ಮುಟ್ಟಿದಾಗ ಮಾತ್ರ ಆ ಪದ ಸಲ್ಲುತ್ತದೆ. ವ್ಯಾಕರಣ ಇಷ್ಟನ್ನು ಕಡ್ಡಾಯ ಮಾಡಿಲ್ಲ, ಒಪ್ಪಿಕೊಳ್ಳುತ್ತೇನೆ. ಕಾಶಿಕೆಯ ನದಿ ಒಂದೇ ಕಡೆ ಕೊರೆದರೂ ಕೂಲಂಕಷೆಯೇ. ಕನ್ನಡದಲ್ಲಿ ಆ ಪದ ಮಾಡುತ್ತಿರುವ ಕೆಲಸ ನೋಡಿ ಹೀಗೆ ಹೇಳುತ್ತಿದ್ದೇನೆ.

ಆ ಕೆಲಸವನ್ನು ತಿಳಿಯಲು ನೆರೆಹೊರೆಯವರನ್ನು ವಿಚಾರಿಸಬೇಕು. ಒಂದು ಪದದ ಹರವು ಅದರ ಪಕ್ಕದ ಪದಗಳು ಬಿಟ್ಟುಕೊಟ್ಟಷ್ಟು.

‘ಪರಿಶೀಲನೆ’ ಅತಿ ಹತ್ತಿರದ್ದು. ಇದರಲ್ಲಿರುವುದು ‘ಶೀಲ’ದ ಧಾತು, ಮತ್ತೆ ಮತ್ತೆ ಒಡನಾಡಿ ರೂಢಿ ಮಾಡಿಕೊಳ್ಳುವುದು ಮೂಲಾರ್ಥ. ಇಂದು ಅದು ಕಚೇರಿಯ ಪದ, ಮಿತಿಯುಳ್ಳ ಪದ. ಚುನಾವಣೆಯಲ್ಲಿ ‘ನಾಮಪತ್ರ ಪರಿಶೀಲನೆ’ ನಡೆಯುತ್ತದೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 36ನೆಯ ಕಲಂ ಪ್ರಕಾರ ಚುನಾವಣಾಧಿಕಾರಿ ಅಲ್ಲಿ ಮಾಡಬೇಕಾದದ್ದು ಸಂಕ್ಷಿಪ್ತ ವಿಚಾರಣೆ. ಗಣನೀಯವಲ್ಲದ ದೋಷಕ್ಕಾಗಿ ನಾಮಪತ್ರವನ್ನು ತಿರಸ್ಕರಿಸುವಂತಿಲ್ಲ. ಅಲ್ಲಿ ಕೂಲಂಕಷಕ್ಕೆ ಹೊರಟರೆ ಚುನಾವಣೆಯೇ ನಡೆಯದು. ‘ಸಮೀಕ್ಷೆ’ಗೆ ಆಳಕ್ಕಿಂತ ಹರವು ಮುಖ್ಯ. 2015ರಲ್ಲಿ ಕರ್ನಾಟಕದಲ್ಲಿ ಮನೆಮನೆಗೆ ಬಂದದ್ದು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಬಂದವರು ಪಟ್ಟಿಯ ಪ್ರಶ್ನೆಗಳನ್ನು ಕೇಳಿ ಮುಂದಿನ ಮನೆಗೆ ಹೋದರು, ಹೋಗಬೇಕಾದದ್ದೂ ಹಾಗೆಯೇ. ‘ಪರಾಮರ್ಶೆ’, ‘ವಿಮರ್ಶೆ’ಗಳಲ್ಲಿ ಮುಟ್ಟುವುದು ಎಂಬ ಅರ್ಥದ ಧಾತು ಇದೆ, ಎರಡೂ ತೀರ್ಮಾನದ ಕಡೆಗೆ ವಾಲುತ್ತವೆ. ‘ವಿಶ್ಲೇಷಣೆ’ ಇವೆಲ್ಲಕ್ಕಿಂತ ಸ್ವಾರಸ್ಯದ್ದು. ಶ್ಲೇಷ ಎಂದರೆ ಅಂಟಿಕೊಳ್ಳುವುದು, ಅಪ್ಪಿಕೊಳ್ಳುವುದು. ಎರಡರ್ಥದ ಮಾತಾದ ಶ್ಲೇಷೆ, ಗಂಟಲಿನ ಶ್ಲೇಷ್ಮ, ಆಶ್ಲೇಷಾ ನಕ್ಷತ್ರ ಎಲ್ಲ ಆ ಮನೆಯವೇ. ವಿಶ್ಲೇಷ ಎಂದರೆ ಸಂಸ್ಕೃತ ಕಾವ್ಯದಲ್ಲಿ ಪ್ರಿಯರ ಅಗಲಿಕೆ. ಇವತ್ತು ಟಿವಿಯಲ್ಲಿ ‘ರಾಜಕೀಯ ವಿಶ್ಲೇಷಕರು’ ಕೂತಿರುತ್ತಾರೆ. ಅವರನ್ನು ನೋಡುವಾಗ ಈ ಹಳೆಯ ಅರ್ಥ ನೆನಪಾದರೆ ಮನಸ್ಸಿಗೆ ಒಂದಿಷ್ಟು ಹಿತ.

ಅಚ್ಚಗನ್ನಡದ ಪದಗಳೂ ಇವೆ, ನನಗೆ ಅವುಗಳ ಮೇಲೆ ಹೆಚ್ಚು ಮಮತೆ. ‘ಜಾಲಾಡು’ ಎಂದರೆ ಸಿಕ್ಕಸಿಕ್ಕಲ್ಲಿ ಕೈ ಹಾಕಿ ಒಂದನ್ನೂ ಬಿಡದೆ ಹುಡುಕುವುದು. ದಾಳಿಗೆ ಬಂದ ಅಧಿಕಾರಿಗಳು ಮನೆಯನ್ನು ಜಾಲಾಡುತ್ತಾರೆ. ಅದು ಏನನ್ನೂ ಬಿಡುವುದಿಲ್ಲ, ಆದರೆ ಅದಕ್ಕೆ ಬೇಕಾದದ್ದು ಒಂದು ವಸ್ತು. ಸಿಕ್ಕಿತೆಂದರೆ ಕೆಲಸ ಮುಗಿಯಿತು. ‘ಎಳೆಎಳೆಯಾಗಿ ಬಿಡಿಸು’ ಎಂಬುದರಲ್ಲಿ ಗೋಜಲಾದ ಸಂಗತಿ ಇದೆ, ತಾಳ್ಮೆ ಇದೆ. ‘ಅಳೆದು ತೂಗಿ’ ಮಾತಾಡುವವನು ತನ್ನನ್ನೇ ಕಾಯುತ್ತಿರುತ್ತಾನೆ. ‘ಒರೆಗೆ ಹಚ್ಚು’ ಎನ್ನಲು ಹೋಲಿಸಿ ನೋಡಲು ಇನ್ನೊಂದು ಚಿನ್ನ ಬೇಕು. ಇಷ್ಟು ಜನರ ನಡುವೆ ‘ಕೂಲಂಕಷ’ಕ್ಕೆ ಉಳಿದ ಜಾಗ ಯಾವುದು? ಎರಡು ಕಡೆ ಇರುವ ವಿಷಯವನ್ನು ಅಂಚಿನಿಂದ ಅಂಚಿಗೆ ನೋಡಿ ಮುಗಿಸುವುದು. ಈ ಪದ ಕನ್ನಡದಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ. ‘ವಾಗಿ’ ಸೇರಿಸಿಕೊಂಡು ಕ್ರಿಯಾಪದದ ಹಿಂದೆ ನಿಲ್ಲುತ್ತದೆ, ಇಲ್ಲವೇ ಅಧ್ಯಯನ, ಚರ್ಚೆ, ವಿಚಾರಣೆಗಳಿಗೆ ವಿಶೇಷಣವಾಗುತ್ತದೆ. ನೋಡು, ಕೇಳು ಎಂಬಂಥ ಹಗುರ ಕ್ರಿಯಾಪದಗಳ ಜೊತೆ ಇದಕ್ಕೆ ಹೊಂದಿಕೆ ಕಡಿಮೆ. ತೆಲುಗು, ಮಲಯಾಳಂ ಪತ್ರಿಕೆಗಳಲ್ಲೂ ಇದು ಹೀಗೆಯೇ ಚರ್ಚೆಯ ಜೊತೆಗಾರ. ಹಿಂದಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ದಕ್ಷಿಣದವರು ಸಂಸ್ಕೃತದಿಂದ ತಂದು ತಮ್ಮ ರೀತಿಯಲ್ಲಿ ಹದ ಮಾಡಿಕೊಂಡ ಪದ ಇದು.

ಹದ ಮಾಡಿಕೊಂಡೆವು, ಕೆಡಿಸಿಯೂ ಕೊಂಡೆವು. ಇನ್ನು ಬರುವುದು ದೂರಿನ ಭಾಗ.

ಈ ಪದದ ಬಳಕೆಯನ್ನು ಗಮನಿಸುವವರು ಒಂದು ಚಿಕ್ಕ ಅಭ್ಯಾಸ ಮಾಡಿಕೊಳ್ಳಬೇಕು: ‘ಕೂಲಂಕಷವಾಗಿ’ ಕಂಡಾಗಲೆಲ್ಲ ವಾಕ್ಯದ ಕೊನೆಗೆ ಹೋಗಿ ಕ್ರಿಯಾಪದದ ಕಾಲ ನೋಡುವುದು. ‘ಕೂಲಂಕಷವಾಗಿ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ‘ಕೂಲಂಕಷ ಚರ್ಚೆಯ ನಂತರ ನಿರ್ಧಾರ ಪ್ರಕಟಿಸುತ್ತೇವೆ.’ ಇಂಥ ವಾಕ್ಯಗಳು ನಮಗೆಲ್ಲ ಬಾಯಿಪಾಠ. ಬಹುಪಾಲು ಭವಿಷ್ಯತ್ಕಾಲ, ಅದರಲ್ಲೂ ಕರ್ತೃವಿಲ್ಲದ ಕರ್ಮಣಿ ಪ್ರಯೋಗ. ಯಾರು ಪರಿಶೀಲಿಸುತ್ತಾರೆ, ಯಾವಾಗ, ಯಾವ ಕಡತ ಎಂಬುದನ್ನೆಲ್ಲ ಮುಚ್ಚಲು ಆ ಒಂದು ಕ್ರಿಯಾವಿಶೇಷಣ ಸಾಕು. ಅರ್ಜಿ ಕೊಟ್ಟವನಿಗೆ ಹಿಂಬರಹದಲ್ಲಿ ‘ಪರಿಶೀಲಿಸಲಾಗುವುದು’ ಎಂದು ಬಂದರೆ ಇನ್ನೂ ನೋಡಿಲ್ಲ ಎಂದರ್ಥ. ‘ಕೂಲಂಕಷವಾಗಿ ಪರಿಶೀಲಿಸಲಾಗುವುದು’ ಎಂದು ಬಂದರೆ ಸದ್ಯಕ್ಕಂತೂ ನೋಡುವುದಿಲ್ಲ ಎಂದರ್ಥ. ಅತಿ ಹತ್ತಿರದ ನೋಟವನ್ನು ಹೆಸರಿಸುವ ಪದ ನೋಟವನ್ನು ಮುಂದೂಡುವ ಪದವಾಗಿದೆ. ಕಚೇರಿಯ ಗುಮಾಸ್ತರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಸಂಶೋಧನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ‘ಕೂಲಂಕಷವಾಗಿ ಅಧ್ಯಯನ ಮಾಡುವ ಉದ್ದೇಶ ಹೊಂದಲಾಗಿದೆ’ ಎಂದು ಬರೆಯುವ ನಮ್ಮವರೂ ಮಾಡುವುದು ಇದನ್ನೇ.

ನನ್ನ ಮಾತು ಇಷ್ಟು: ‘ಕೂಲಂಕಷ’ ಭೂತಕಾಲದ ಪದ. ದಡ ಕೊರೆದ ಗುರುತು ನದಿ ಹರಿದ ಮೇಲೆ ಕಾಣುತ್ತದೆ, ಹರಿಯುವ ಮೊದಲಲ್ಲ. ಕೆಲಸ ಮಾಡಿ ಮುಗಿಸಿದವನು, ಅದೂ ಸಾಧ್ಯವಾದರೆ ಬೇರೊಬ್ಬನು, ‘ಇದನ್ನು ಕೂಲಂಕಷವಾಗಿ ನೋಡಿದ್ದಾರೆ’ ಎಂದರೆ ಅದು ಪ್ರಮಾಣಪತ್ರ. ಹೊರಡುವ ಮೊದಲೇ ತಾನೇ ಹೇಳಿಕೊಂಡರೆ ಅದು ಜಾಹೀರಾತು. ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಈ ಪದವನ್ನು ಭೂತಕಾಲಕ್ಕೆ ಮಾತ್ರ ಬಳಸುತ್ತೇವೆ ಎಂದು ಒಂದು ವರ್ಷ ವ್ರತ ಹಿಡಿದು ನೋಡಲಿ. ಎಷ್ಟು ಕಡೆ ಅದು ಬೇಕಾಗುವುದೇ ಇಲ್ಲ ಎಂಬುದು ಗೊತ್ತಾಗುತ್ತದೆ.

ಭೂತಕಾಲದಲ್ಲಿ, ಆ ಪದಕ್ಕೆ ಅರ್ಹವಾಗಿ ನಡೆದ ಒಂದು ಕೆಲಸವನ್ನು ತೋರಿಸುವ ಹೊಣೆ ಈಗ ನನ್ನ ಮೇಲಿದೆ. ದೂರ ಹೋಗಬೇಕಾಗಿಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ. ಅದನ್ನು ಬರೆದವರು ಯಾರು ಎಂಬ ಪ್ರಶ್ನೆಯೇ ಸಾಕು.

ಕೆ. ಬಿ. ಪಾಠಕರು 1898ರಲ್ಲಿ ಕವಿರಾಜಮಾರ್ಗವನ್ನು ಸಂಪಾದಿಸಿ ಪ್ರಕಟಿಸಿದಾಗ ಅದನ್ನು ನೃಪತುಂಗನ ಕೃತಿ ಎಂದೇ ಕರೆದರು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ, ಒಂಬತ್ತನೆಯ ಶತಮಾನದಲ್ಲಿ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದ ದೊರೆ. ಗ್ರಂಥದ ತುಂಬ ಅವನ ಹೆಸರಿದೆ, ಅವನ ಬಿರುದುಗಳಿವೆ, ಇದು ರಾಜನ ಅಭಿಮತ ಎನ್ನುವಂಥ ಮಾತುಗಳಿವೆ. ಕನ್ನಡದ ಮೊದಲ ಗ್ರಂಥ ಒಬ್ಬ ಚಕ್ರವರ್ತಿಯದು ಎಂಬುದು ಹೇಳಿಕೊಳ್ಳಲೂ ಚೆನ್ನಾಗಿತ್ತು. ಒಂದು ದಡ ಇದು, ಗಟ್ಟಿಯಾಗಿಯೇ ಇತ್ತು.

ಆಚೆ ದಡದಲ್ಲಿ ಒಂದು ಪದ ಕಾದು ಕೂತಿತ್ತು. ಗ್ರಂಥದ ಪರಿಚ್ಛೇದಗಳ ಮುಕ್ತಾಯದಲ್ಲಿ ಕೃತಿಯನ್ನು ನೃಪತುಂಗದೇವನಿಗೆ ಅನುಮತವಾದದ್ದು ಎಂದು ಹೇಳಿದೆ. ಅನುಮತ. ತಾನೇ ಬರೆದ ಪುಸ್ತಕಕ್ಕೆ ‘ನನ್ನ ಒಪ್ಪಿಗೆ ಇದೆ’ ಎಂದು ಯಾವ ಕರ್ತೃ ಬರೆಯುತ್ತಾನೆ? ಒಪ್ಪಿಗೆ ಕೊಡುವವನು ಬೇರೆ, ಬರೆಯುವವನು ಬೇರೆ ಎಂಬ ಅನುಮಾನಕ್ಕೆ ಇದೊಂದೇ ಪದ ಬಾಗಿಲು ತೆರೆಯಿತು. ಅನುಮಾನ ಬಂದಮೇಲೆ ಪಠ್ಯವನ್ನು ಮತ್ತೆ ಓದಿದರು. ಆಗ ಅದರೊಳಗೇ ಶ್ರೀವಿಜಯ ಎಂಬ ಹೆಸರು ಕಂಡಿತು. ಅದು ರಾಜನ ವಿಶೇಷಣವೋ, ಕವಿಯ ಅಂಕಿತವೋ? ‘ಶ್ರೀ’ಯೂ ‘ವಿಜಯ’ವೂ ಯಾವ ರಾಜನ ಹೊಗಳಿಕೆಯಲ್ಲೂ ಬರಬಹುದಾದ ಪದಗಳು. ಇಲ್ಲಿ ಆತುರ ಪಟ್ಟವರು ಎರಡೂ ಪಕ್ಷದಲ್ಲಿದ್ದರು.

ಇದನ್ನು ತೀರ್ಮಾನಿಸಲು ಗ್ರಂಥದ ಹೊರಗೆ ಹೋಗಬೇಕಾಯಿತು. ಹನ್ನೊಂದನೆಯ ಶತಮಾನದ ದುರ್ಗಸಿಂಹ ತನ್ನ ಪಂಚತಂತ್ರದ ಆರಂಭದಲ್ಲಿ ಪೂರ್ವಕವಿಗಳನ್ನು ಸ್ಮರಿಸುತ್ತ, ಶ್ರೀವಿಜಯರ ಕವಿಮಾರ್ಗ ಕವಿಗಳ ಮನಸ್ಸಿಗೆ ಕನ್ನಡಿಯೂ ಕೈದೀಪವೂ ಆಗಿದೆ ಎಂಬರ್ಥದ ಮಾತಾಡಿದ್ದಾನೆ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ತನಗೆ ಲಕ್ಷ್ಯವಾದ ಕವಿಗಳ ಹೆಸರು ಹೇಳುವಾಗ ಶ್ರೀವಿಜಯನನ್ನೂ ಸೇರಿಸಿದ್ದಾನೆ. ಅಂದರೆ ಶ್ರೀವಿಜಯ ಬರಿಯ ವಿಶೇಷಣವಲ್ಲ, ಆ ಹೆಸರಿನ ಕವಿಯೊಬ್ಬ ಇದ್ದ, ಕವಿಗಳಿಗೆ ದಾರಿ ತೋರಿಸುವ ಗ್ರಂಥವೊಂದನ್ನು ಬರೆದಿದ್ದ. ಇನ್ನೊಂದು ಕಡೆ, ನೃಪತುಂಗನನ್ನು ಗ್ರಂಥ ಅನ್ಯಪುರುಷದಲ್ಲಿ ಹೊಗಳುತ್ತದೆ ಎಂಬ ವಾದವನ್ನೂ ತಂದರು. ಇದು ಅಷ್ಟು ಬಲವಾದದ್ದಲ್ಲ, ಏಕೆಂದರೆ ಹಳೆಯ ಕಾಲದ ಕರ್ತೃಗಳು ತಮ್ಮನ್ನು ತಾವೇ ಅನ್ಯಪುರುಷದಲ್ಲಿ ಹೆಸರಿಸಿಕೊಳ್ಳುವುದು ಉಂಟು. ಬಲವಿಲ್ಲದ ವಾದ ತಮ್ಮ ಪಕ್ಷಕ್ಕೆ ಬಂದಾಗಲೂ ಅದನ್ನು ಹಾಗೆಂದು ಹೇಳಿದ ವಿದ್ವಾಂಸರು ನಮ್ಮಲ್ಲಿ ಇದ್ದರು ಎಂಬುದು ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಮೆಚ್ಚಿಗೆಯಾದ ಸಂಗತಿ.

ಇವತ್ತು ಹೆಚ್ಚಿನ ವಿದ್ವಾಂಸರು ಒಪ್ಪಿರುವುದು ಹೀಗೆ: ಕರ್ತೃ ಶ್ರೀವಿಜಯ, ನೃಪತುಂಗನ ಆಸ್ಥಾನದಲ್ಲಿದ್ದವನು, ಗ್ರಂಥ ರಾಜನ ಒಪ್ಪಿಗೆ ಪಡೆದದ್ದು, 850ರ ಸುಮಾರಿನದು. ನೃಪತುಂಗ ಪಕ್ಷದವರ ಆಧಾರಗಳನ್ನು ಈ ತೀರ್ಮಾನ ಬಿಸಾಡಿಲ್ಲ ಎಂಬುದನ್ನು ಗಮನಿಸಿ. ಗ್ರಂಥದಲ್ಲಿ ರಾಜನ ಹೆಸರು ಏಕೆ ಅಷ್ಟು ಬರುತ್ತದೆ ಎಂಬುದಕ್ಕೂ ಅದರಲ್ಲಿ ಉತ್ತರವಿದೆ. ಎದುರು ದಡದ ಹೆಚ್ಚಿನ ಕಲ್ಲುಗಳಿಗೆ ಲೆಕ್ಕ ಸಿಕ್ಕಿದೆ.

ಒಂದೆರಡಕ್ಕೆ ಇನ್ನೂ ಸಿಕ್ಕಿಲ್ಲ. ದುರ್ಗಸಿಂಹ ಹೇಳುವುದು ‘ಕವಿಮಾರ್ಗ’, ನಮ್ಮ ಕೈಯಲ್ಲಿರುವುದು ‘ಕವಿರಾಜಮಾರ್ಗ’. ಎರಡೂ ಒಂದೇ ಎಂದು ಬಹುಮಂದಿ ನಂಬುತ್ತಾರೆ. ಬೇರೆ ಬೇರೆ ಎಂದು ವಾದಿಸಲು ಜಾಗವೂ ಇದೆ. ಕವಿರಾಜಮಾರ್ಗ, ದುರ್ಗಸಿಂಹನ ಪಂಚತಂತ್ರ ಎರಡೂ ಅಚ್ಚಾಗಿವೆ, ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲೂ ಇರಬೇಕು. ಕವಿರಾಜಮಾರ್ಗದಲ್ಲಿ ಪರಿಚ್ಛೇದಗಳ ಮುಕ್ತಾಯವನ್ನು ಓದಿ, ಪಂಚತಂತ್ರದಲ್ಲಿ ಆರಂಭದ ಪೂರ್ವಕವಿಸ್ಮರಣೆಯನ್ನು ಓದಿ. ಎರಡೂ ಸೇರಿ ಕೆಲವೇ ಪುಟ. ಓದಿದ ಮೇಲೆ ಒಂದು ಪಕ್ಷ ಹಿಡಿದು, ಇನ್ನೊಂದು ಪಕ್ಷದ ಅತಿ ಬಲವಾದ ವಾದ ಯಾವುದೆಂದು ಮೊದಲು ಬರೆದು, ಆಮೇಲೆ ನಿಮ್ಮದನ್ನು ಬರೆಯಿರಿ. ಬರೆದು ತಂದವರ ಹಾಳೆಗಳನ್ನು ನೋಡಿಕೊಡುತ್ತೇನೆ ಎಂದು ವಿಭಾಗದ ಮುಖ್ಯಸ್ಥರಿಗೆ ಹೇಳಿದ್ದೇನೆ. ಹಾಳೆಯ ತಲೆಯ ಮೇಲೆ ‘ಕೂಲಂಕಷ ಅಧ್ಯಯನ’ ಎಂದು ಬರೆಯಬೇಡಿ. ಆ ಷರಾ ಹಾಕುವುದೋ ಬೇಡವೋ ಎಂಬುದನ್ನು ಓದಿದ ಮೇಲೆ ನಾನು ತೀರ್ಮಾನಿಸುತ್ತೇನೆ.